ಹೈದರಾಬಾದ್ ಸಂಸ್ಥಾನದ ಭೂಗೋಳ, ಆಡಳಿತ, ಆಯವ್ಯಯ

ಹಳೆಯ ಹೈದರಾಬಾದ್ ಸಂಸ್ಥಾನದ ಕಾಗದದ ನೋಟನ್ನು ಕಂಡವರು ಈಗ ವಿರಳ. ಆ ನೋಟಿನ ಮೇಲೆ ಉರ್ದುವಿನ ಜೊತೆಗೆ ಇಂಗ್ಲಿಷ್, ತೆಲುಗು, ಮರಾಠಿ ಮತ್ತು ಕನ್ನಡ ಭಾಷೆಗಳಲ್ಲಿಯೂ ಅದರ ಮೌಲ್ಯ ಮುದ್ರಿತವಾಗಿರುತ್ತಿತ್ತು. ಉನ್ನತ ಶಿಕ್ಷಣದ ಮಾಧ್ಯಮವಾಗಿಯಾಗಲಿ ಸರ್ಕಾರಿ ಕಚೇರಿಯಲ್ಲಾಗಲಿ ಸ್ಥಾನ ದೊರೆಯದಿದ್ದ ಕನ್ನಡಕ್ಕೆ ನಾಣ್ಯಪತ್ರದ ಮೇಲೆ ಸ್ಥಾನ ದೊರೆತಿತ್ತು. ರೈತನ ಬೆಳೆ ಬೇಕು, ಕಂದಾಯ ಬೇಕು, ಅದಕ್ಕಾಗಿ ಅವನಿಗೆ ನೋಟು ಓದಲು ಬರಬೇಕು. ಅಷ್ಟರ ಮಟ್ಟಿಗೆ ಕನ್ನಡ ಬೇಕಾಗಿತ್ತು. ಈ ಒಂದು ನೋಟು ಸಂಸ್ಥಾನದ ಅರ್ಥವ್ಯವಸ್ಥೆಯ ಸ್ವರೂಪವನ್ನು ಸೂಚಿಸುತ್ತದೆ.

ಹೈದರಾಬಾದ್ ನಗರದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರ ಹಿರಿಯರು ಬೀದರ್, ಗುಲ್ಬರ್ಗ, ರಾಯಚೂರು ಕಡೆಯವರು. ಅವರು ಈ ನಗರಕ್ಕೆ ಏಕೆ ಬಂದರು ಎಂಬ ಪ್ರಶ್ನೆಗೆ ಮನೆಮನೆಯಲ್ಲಿಯೂ ಒಂದೊಂದು ಉತ್ತರವಿರಬಹುದು. ಆದರೆ ಆ ಎಲ್ಲ ಉತ್ತರಗಳ ಹಿಂದೆ ಒಂದು ಸಾಮಾನ್ಯ ಕಾರಣವಿದೆ. ಅದನ್ನು ತಿಳಿಯಬೇಕಾದರೆ ಅಳಿದುಹೋದ ಆ ಸಂಸ್ಥಾನವನ್ನು ಒಂದು ದೇಶವೆಂದೇ ಭಾವಿಸಿ, ಅದರ ನೆಲ, ಆಡಳಿತ ಮತ್ತು ಜಮಾಖರ್ಚುಗಳನ್ನು ಪರಿಶೀಲಿಸಬೇಕು.

ಭೂಸ್ವರೂಪ

ಸಂಸ್ಥಾನದ ವಿಸ್ತೀರ್ಣ ಸುಮಾರು 82,000 ಚದರ ಮೈಲಿ, ಎಂದರೆ ಹೆಚ್ಚುಕಡಿಮೆ ಗ್ರೇಟ್ ಬ್ರಿಟನ್ ದ್ವೀಪದಷ್ಟು. 1941ರ ಜನಗಣತಿಯ ಪ್ರಕಾರ ಜನಸಂಖ್ಯೆ 1 ಕೋಟಿ 63 ಲಕ್ಷ. ಅದೇ ಕಾಲದ ಮೈಸೂರು ಸಂಸ್ಥಾನದ ವಿಸ್ತೀರ್ಣ ಸುಮಾರು 29,000 ಚದರ ಮೈಲಿ, ಜನಸಂಖ್ಯೆ 73 ಲಕ್ಷ. ಹೈದರಾಬಾದಿನ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ತೆಲುಗರು, ಕಾಲುಭಾಗ ಮರಾಠಿಗರು. ಕನ್ನಡಿಗರು ನೂರಕ್ಕೆ ಹನ್ನೊಂದು ಹನ್ನೆರಡು ಮಂದಿ, ಉರ್ದು ಮಾತನಾಡುವವರೂ ಸರಿಸುಮಾರು ಅಷ್ಟೇ.

ಭೂರಚನೆಯಲ್ಲಿ ಎರಡು ಭಾಗಗಳು ಸ್ಪಷ್ಟವಾಗಿ ತೋರುತ್ತವೆ. ಪೂರ್ವದ ತೆಲಂಗಾಣವು ಹೆಬ್ಬಂಡೆಗಳ, ಕೆಂಪು ಮಣ್ಣಿನ, ಕೆರೆಗಳ ನಾಡು. ಅಲ್ಲಿ ಬತ್ತ ಮುಖ್ಯ. ಪಶ್ಚಿಮದ ಮರಾಠವಾಡ ಮತ್ತು ಕನ್ನಡ ಜಿಲ್ಲೆಗಳ ಬಹುಭಾಗ ಕಪ್ಪು ಎರೆಮಣ್ಣಿನ ಬಯಲು. ಇಲ್ಲಿ ಜೋಳ, ಹತ್ತಿ, ತೊಗರಿ, ಎಣ್ಣೆಕಾಳು. ಬೀದರ್ ಪಟ್ಟಣ ಮಾತ್ರ ಜಂಬಿಟ್ಟಿಗೆಯ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಬಹುಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ 600ರಿಂದ 800 ಮಿಲಿಮೀಟರಿನೊಳಗೆ, ಅದೂ ಅನಿಶ್ಚಿತ. ಎರೆಭೂಮಿ ಮಳೆ ಬಂದರೆ ಬಂಗಾರ, ಬಾರದಿದ್ದರೆ ಬಿರುಕು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಈ ಭಾಗ ಅನುಭವಿಸಿದ ಸಂಕಟವೇ ಇದಕ್ಕೆ ಸಾಕ್ಷಿ.

ನದಿಗಳಿಗೆ ಕೊರತೆಯಿರಲಿಲ್ಲ. ಉತ್ತರದಲ್ಲಿ ಗೋದಾವರಿ, ದಕ್ಷಿಣದಲ್ಲಿ ಕೃಷ್ಣಾ ಮತ್ತು ತುಂಗಭದ್ರಾ, ನಡುವೆ ಭೀಮಾ ಮತ್ತು ಮಾಂಜರಾ. ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ದೋಆಬ್ ಪ್ರದೇಶಕ್ಕಾಗಿ ವಿಜಯನಗರವೂ ಬಹಮನಿ ಸುಲ್ತಾನರೂ ಶತಮಾನಗಳ ಕಾಲ ಹೋರಾಡಿದುದು ಇತಿಹಾಸಪ್ರಸಿದ್ಧ. ಭೂಗರ್ಭದಲ್ಲಿ ಶಹಾಬಾದಿನ ಸುಣ್ಣಕಲ್ಲು, ಹಟ್ಟಿಯ ಚಿನ್ನ, ತೆಲಂಗಾಣದ ಸಿಂಗರೇಣಿ ಕಲ್ಲಿದ್ದಲು ಇದ್ದವು. ಇಲ್ಲದಿದ್ದುದು ಕಡಲತೀರವೊಂದೇ. ನಾಲ್ಕು ಕಡೆಯೂ ಬ್ರಿಟಿಷ್ ಸೀಮೆಯಿಂದ ಸುತ್ತುವರಿದಿದ್ದ ಈ ನಾಡಿಗೆ ಉಪ್ಪು ಕೂಡ ಹೊರಗಿನಿಂದಲೇ ಬರಬೇಕಾಗಿತ್ತು.

ಆಡಳಿತ

1724ರಲ್ಲಿ ನಿಜಾಮ್-ಉಲ್-ಮುಲ್ಕ್ ಆಸಫ್ ಜಾಹನು ಸ್ಥಾಪಿಸಿದ ಈ ರಾಜ್ಯವನ್ನು 1948ರವರೆಗೆ ಅವನ ವಂಶಸ್ಥರು ಆಳಿದರು. ಸೈನ್ಯದ ವೆಚ್ಚಕ್ಕಾಗಿ ಕಂಪನಿ ಸರ್ಕಾರಕ್ಕೆ ಸಲ್ಲಬೇಕಾಗಿದ್ದ ಬಾಕಿ ಬೆಳೆದು, 1853ರಲ್ಲಿ ನಿಜಾಮನು ಬೀರಾರನ್ನೂ ರಾಯಚೂರು ದೋಆಬನ್ನೂ ಬ್ರಿಟಿಷರ ವಶಕ್ಕೆ ಒಪ್ಪಿಸಬೇಕಾಯಿತು. ಸಾಲಕ್ಕೆ ಅಡವಿಟ್ಟ ಹೊಲದಂತೆ ರಾಯಚೂರು ಏಳು ವರ್ಷ ಪರಹಸ್ತದಲ್ಲಿದ್ದು 1860ರಲ್ಲಿ ಹಿಂದಿರುಗಿತು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೋತ ಸುರಪುರದ ಸೀಮೆಯನ್ನೂ ಅದೇ ವೇಳೆ ನಿಜಾಮನಿಗೆ ಕೊಡಲಾಯಿತು. ಈ ಎರಡೂ ವ್ಯವಹಾರಗಳಲ್ಲಿ ಆ ಸೀಮೆಗಳ ಜನರ ಅಭಿಪ್ರಾಯವನ್ನು ಕೇಳಿದವರಿಲ್ಲ.

1853ರಿಂದ ಮೂವತ್ತು ವರ್ಷ ದಿವಾನನಾಗಿದ್ದ ಸಾಲಾರ್ ಜಂಗ್ ಜಿಲ್ಲಾಬಂದಿ ವ್ಯವಸ್ಥೆಯನ್ನು ತಂದು ಕಂದಾಯ ವಸೂಲಿಗೆ ಕ್ರಮವನ್ನು ಕಲ್ಪಿಸಿದನು. ಸಂಸ್ಥಾನ ನಾಲ್ಕು ಸುಭಾಗಳಾಗಿ ವಿಭಾಗವಾಗಿತ್ತು, ಗುಲ್ಬರ್ಗ ಅವುಗಳಲ್ಲೊಂದು. 1919ರಲ್ಲಿ ಕಾರ್ಯನಿರ್ವಾಹಕ ಮಂಡಳಿಯೊಂದು ರಚಿತವಾಗಿ, ಅದರ ಅಧ್ಯಕ್ಷನಿಗೆ ಸದರ್-ಎ-ಆಜಂ ಎಂಬ ಹೆಸರು ಬಂದಿತು. ಮೈಸೂರಿನ ದಿವಾನರಾಗಿ ಕೀರ್ತಿ ಪಡೆದಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರೂ 1946ರಿಂದ 1947ರವರೆಗೆ ಈ ಸ್ಥಾನದಲ್ಲಿದ್ದರು. ಆದರೆ ಮೈಸೂರಿನಲ್ಲಿ 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ ಆರಂಭವಾಗಿದ್ದರೆ, ಹೈದರಾಬಾದಿನಲ್ಲಿ ಪ್ರಜೆಗಳ ಮಾತಿಗೆ ಬೆಲೆಯುಳ್ಳ ಸಭೆಯನ್ನು ಕಾಣಲು 1952ರ ಚುನಾವಣೆಯವರೆಗೆ ಕಾಯಬೇಕಾಯಿತು.

ನೆಲದ ಒಡೆತನವೂ ಒಂದೇ ಬಗೆಯದಾಗಿರಲಿಲ್ಲ. ಸುಮಾರು ಹತ್ತನೆಯ ಒಂದು ಪಾಲು ಸರ್ಫ್-ಎ-ಖಾಸ್, ಎಂದರೆ ನಿಜಾಮನ ಸ್ವಂತ ಆಸ್ತಿ. ಮೂರನೆಯ ಒಂದು ಪಾಲಿನಷ್ಟು ಜಹಗೀರುಗಳು. ಉಳಿದುದು ಮಾತ್ರ ಸರ್ಕಾರದ ನೇರ ಆಡಳಿತದ ದಿವಾನಿ ಭೂಮಿ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಜಹಗೀರಿನ ರೈತ ಕೊಟ್ಟ ಕಂದಾಯ ಜಹಗೀರುದಾರನಿಗೆ ಸಲ್ಲುತ್ತಿತ್ತು. ಜಹಗೀರುದಾರನ ವಾಸವೂ ವೆಚ್ಚವೂ ಸಾಮಾನ್ಯವಾಗಿ ರಾಜಧಾನಿಯಲ್ಲಿ. ಹೀಗೆ ಹಳ್ಳಿಯ ಉತ್ಪನ್ನ ಹಳ್ಳಿಗೆ ಹಿಂದಿರುಗದೆ ನಗರದ ಹವೇಲಿಗಳಲ್ಲಿ ಕರಗುತ್ತಿತ್ತು. 1949ರಲ್ಲಿ ಜಹಗೀರು ರದ್ದಾಯಿತು.

ಹಣಕಾಸು

ಭಾರತದ ಸಂಸ್ಥಾನಗಳ ಪೈಕಿ ಸ್ವಂತ ಕಾಗದದ ಹಣವನ್ನು ವ್ಯಾಪಕವಾಗಿ ಚಲಾವಣೆಯಲ್ಲಿಟ್ಟಿದ್ದುದು ಹೈದರಾಬಾದಿನ ವೈಶಿಷ್ಟ್ಯ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಅಭಾವ ಬಂದುದರಿಂದ 1918ರಲ್ಲಿ ಕಾಗದದ ಹಣದ ಕಾನೂನು ಜಾರಿಗೆ ಬಂದಿತು. ಚಾರ್‌ಮಿನಾರಿನ ಚಿತ್ರವುಳ್ಳ ಸಂಸ್ಥಾನದ ರೂಪಾಯಿಗೆ ಹಾಲಿ ಸಿಕ್ಕಾ ಎಂದೂ, ಬ್ರಿಟಿಷ್ ರೂಪಾಯಿಗೆ ಕಲ್ದಾರ್ ಎಂದೂ ಹೆಸರು. ವಿನಿಮಯದ ದರ ಸ್ಥೂಲವಾಗಿ ಆರು ಕಲ್ದಾರಿಗೆ ಏಳು ಹಾಲಿ. ರಾಯಚೂರಿನ ಹತ್ತಿ ವ್ಯಾಪಾರಿ ಮುಂಬಯಿಯಲ್ಲಿ 600 ಕಲ್ದಾರ್ ರೂಪಾಯಿಗೆ ಮಾಲು ಮಾರಿದರೆ ಅದು ಊರಿನಲ್ಲಿ 700 ಹಾಲಿ ರೂಪಾಯಿಯಾಗುತ್ತಿತ್ತು. ಎರಡು ನಾಣ್ಯಗಳ ಲೆಕ್ಕವನ್ನು ತಲೆಯಲ್ಲಿಯೇ ಹಾಕಬಲ್ಲ ಗುಮಾಸ್ತನಿಗೆ ಗಡಿಭಾಗದ ಪೇಟೆಗಳಲ್ಲಿ ಬೆಲೆಯಿತ್ತು. ಗಡಿಯಲ್ಲಿ ಸುಂಕ ವಸೂಲು ಮಾಡುತ್ತಿದ್ದ ಕರೋಡಗಿರಿ ಇಲಾಖೆಯ ನಾಕಾಗಳೂ ಇದ್ದವು.

ಈ ಹಣವನ್ನು ನಿರ್ವಹಿಸಲು 1941ರ ಕಾನೂನಿನ ಮೇರೆಗೆ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಸ್ಥಾಪಿತವಾಗಿ, 1942ರ ಏಪ್ರಿಲ್ 5ರಂದು ಗನ್‌ಫೌಂಡ್ರಿಯಲ್ಲಿ ಕಾರ್ಯಾರಂಭ ಮಾಡಿತು. ಸರ್ಕಾರದ ಖಜಾನೆ, ಸಾರ್ವಜನಿಕ ಸಾಲ, ಹಾಲಿ ಸಿಕ್ಕಾ ಇವುಗಳ ನಿರ್ವಹಣೆಯೊಡನೆ ಸಾಮಾನ್ಯ ಬ್ಯಾಂಕಿನ ವ್ಯವಹಾರವನ್ನೂ ಅದು ನಡೆಸುತ್ತಿತ್ತು. 1956ರಲ್ಲಿ ಅದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾಗಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂಬ ಹೆಸರು ಪಡೆದು, 1959ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಆಶ್ರಯಕ್ಕೆ ಬಂದಿತು. 2017ರ ಏಪ್ರಿಲ್ 1ರಂದು ಅದರಲ್ಲಿಯೇ ವಿಲೀನವಾಯಿತು. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರಲ್ಲಿ, ಹುಟ್ಟಿದ ಮೈಸೂರು ಬ್ಯಾಂಕೂ ಅದೇ ದಿನ ವಿಲೀನವಾಯಿತು. ಎರಡು ಸಂಸ್ಥಾನಗಳ ಎರಡು ಲೆಕ್ಕದ ಪುಸ್ತಕಗಳು ಒಂದೇ ದಿನ ಮುಚ್ಚಿದುವು.

ಹಣಕಾಸಿನ ಶಿಸ್ತಿನಲ್ಲಿ ಸಂಸ್ಥಾನ ಹಿಂದುಳಿದಿತ್ತೆನ್ನಲಾಗದು. ಸರ್ ಅಕ್ಬರ್ ಹೈದರಿಯವರು ಹಣಕಾಸಿನ ಹೊಣೆ ಹೊತ್ತ ಮೇಲೆ ಇಲಾಖೆಗಳಿಗೆ ನಿಗದಿಯಾದ ಮೊಬಲಗನ್ನು ಹಂಚುವ ಪದ್ಧತಿ ಬಂದಿತು. 1929ರಲ್ಲಿ ಕೈಗಾರಿಕಾ ಧರ್ಮದರ್ಶಿ ನಿಧಿಯನ್ನು ಏರ್ಪಡಿಸಿ ಉದ್ಯಮಗಳಿಗೆ ಬಂಡವಾಳ ಒದಗಿಸಲಾಯಿತು. 1930ರಲ್ಲಿ ರೈಲ್ವೆಯನ್ನು ಸರ್ಕಾರವೇ ಕೊಂಡುಕೊಂಡಿತು. ಬಹುಕಾಲ ಪ್ರಜೆಗಳ ಮೇಲೆ ಆದಾಯ ತೆರಿಗೆಯೂ ಇರಲಿಲ್ಲ. ಆದರೆ ಭೂಕಂದಾಯ ಮತ್ತು ಅಬಕಾರಿಗಳೇ ಆದಾಯದ ಪ್ರಮುಖ ಮೂಲಗಳು. ಎಂದರೆ ರೈತನ ಹೊಲ ಮತ್ತು ಕೂಲಿಕಾರನ ಹೆಂಡ ಇವೆರಡರಿಂದ ಖಜಾನೆಯ ದೊಡ್ಡ ಭಾಗ ತುಂಬುತ್ತಿತ್ತು.

ಕನ್ನಡ ಜಿಲ್ಲೆಗಳ ಪಾಲು

ಖಜಾನೆಯ ಶಿಲ್ಕು ಎಷ್ಟೆಂಬುದಕ್ಕಿಂತ ಅದು ಎಲ್ಲಿ ಖರ್ಚಾಯಿತೆಂಬುದೇ ಮುಖ್ಯ ಪ್ರಶ್ನೆ. ರಾಜಧಾನಿಯಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಆರಂಭವಾಯಿತು. 1908ರ ಮೂಸಿ ಪ್ರವಾಹದ ಅನಂತರ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯಂತೆ ಉಸ್ಮಾನ್‌ಸಾಗರ, ಹಿಮಾಯತ್‌ಸಾಗರಗಳು ನಿರ್ಮಾಣವಾದುವು. ಮೂಸಿಯ ದಡದಲ್ಲಿ ಉಸ್ಮಾನಿಯಾ ಆಸ್ಪತ್ರೆಯ ಭವ್ಯ ಕಟ್ಟಡ ಎದ್ದಿತು. ಇವು ನಿಜಕ್ಕೂ ಶ್ಲಾಘನೀಯ ಕಾರ್ಯಗಳು. ಆದರೆ ಪದವಿಯ ವ್ಯಾಸಂಗಕ್ಕೂ ಕಠಿಣ ರೋಗದ ಚಿಕಿತ್ಸೆಗೂ ಸರ್ಕಾರಿ ನೌಕರಿಗೂ ಕನ್ನಡ ಜಿಲ್ಲೆಯವನು ರೈಲು ಹತ್ತಿ ಇಲ್ಲಿಗೇ ಬರಬೇಕಾಗಿತ್ತು. ಬಂದವರಲ್ಲಿ ಕೆಲವರು ಇಲ್ಲಿಯೇ ಉಳಿದರು. ಕಾಚಿಗುಡಾದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ವಿದ್ಯಾಸಂಸ್ಥೆ ಮೊದಲಾದುವು ಹೀಗೆ ಉಳಿದವರ ಶ್ರಮದ ಫಲ.

ನೀರಾವರಿಯ ದೃಷ್ಟಾಂತ ಇನ್ನೂ ಸ್ಪಷ್ಟ. ಬೀದರ್ ಜಿಲ್ಲೆಯನ್ನು ಹಾಯ್ದು ಬರುವ ಮಾಂಜರಾ ನದಿಗೆ 1923ರಿಂದ 1931ರ ಅವಧಿಯಲ್ಲಿ ನಿಜಾಮ್‌ಸಾಗರ ಕಟ್ಟಲಾಯಿತು. ಅದು ತೋಯಿಸಿದುದು ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಬತ್ತ ಕಬ್ಬುಗಳನ್ನು. 1937ರಲ್ಲಿ ಬೋಧನ್‌ನಲ್ಲಿ ನಿಜಾಮ್ ಸಕ್ಕರೆ ಕಾರ್ಖಾನೆ ಬಂದುದೂ ಅದರ ಬಲದಿಂದಲೇ. ಮುಂದೆ ಹೈದರಾಬಾದ್ ನಗರದ ಕುಡಿಯುವ ನೀರಿಗೂ ಮಾಂಜರಾ ಒದಗಿ ಬಂದಳು. ರಾಯಚೂರಿನ ಪಾಲಿಗೆ ತುಂಗಭದ್ರಾ ಯೋಜನೆಯ ಒಪ್ಪಂದ 1944ರಲ್ಲಿ ಮದರಾಸು ಸರ್ಕಾರದೊಡನೆ ಆಯಿತು. ಅಣೆಕಟ್ಟಿನಲ್ಲಿ ನೀರು ನಿಂತುದು 1953ರಲ್ಲಿ, ಸಂಸ್ಥಾನ ಅಳಿದ ಮೇಲೆ. ಇಂದು ಗಂಗಾವತಿ, ಸಿಂಧನೂರುಗಳ ಅಕ್ಕಿ ಹೆಸರುವಾಸಿಯಾಗಿರುವುದು ಆ ಎಡದಂಡೆ ಕಾಲುವೆಯಿಂದ.

ಕೈಗಾರಿಕೆಯಲ್ಲಿ ಗುಲ್ಬರ್ಗದ ಮಹಬೂಬ್ ಶಾಹಿ ಬಟ್ಟೆ ಗಿರಣಿ, ಶಹಾಬಾದಿನ ಸಿಮೆಂಟ್ ಕಾರ್ಖಾನೆ, ಹಟ್ಟಿಯ ಗಣಿ ಇವಿಷ್ಟೇ ಹೇಳಿಕೊಳ್ಳುವಂಥವು. ಅವುಗಳಲ್ಲಿ ಗಿರಣಿ ಮುಚ್ಚಿ ಎಷ್ಟೋ ವರ್ಷಗಳಾದುವು. 1947ರಲ್ಲಿ ಸ್ಥಾಪಿತವಾದ ಹಟ್ಟಿಯ ಕಂಪನಿ ಮಾತ್ರ ಇಂದು ಕರ್ನಾಟಕ ಸರ್ಕಾರದ ಉದ್ಯಮವಾಗಿ ಚಿನ್ನ ತೆಗೆಯುತ್ತಿದೆ.

ಸಾರಿಗೆಯ ಮಾತೂ ಇದೇ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾದಿ ತೆರೆಯಿತು. ಅದರ ಉದ್ದೇಶ ರಾಜಧಾನಿಯನ್ನು ಮುಂಬಯಿ ಮದರಾಸು ಹಾದಿಗೆ ಸೇರಿಸುವುದು. ಬೀದರಿಗೆ 1930ರ ಆಸುಪಾಸಿನಲ್ಲಿ ವಿಕಾರಾಬಾದಿನಿಂದ ಹಾದಿ ಬಂದಿತು. ಅಲ್ಲಿಂದ ಮುಂದೆ ಬೀದರಿನವನು ರೈಲಿನಲ್ಲಿ ಗುಲ್ಬರ್ಗಕ್ಕೆ ಹೋಗಬೇಕಾದರೆ ವಿಕಾರಾಬಾದಿಗೆ ಬಂದು, ವಾಡಿಯನ್ನು ಸುತ್ತಿ ಹೋಗಬೇಕಾಗಿತ್ತು. ನೆರೆಯ ಎರಡು ಕನ್ನಡ ಜಿಲ್ಲಾಕೇಂದ್ರಗಳನ್ನು ನೇರವಾಗಿ ಜೋಡಿಸುವ ಹಾದಿ ತೆರೆದುದು 2017ರ ಅಕ್ಟೋಬರಿನಲ್ಲಿ, ವಾಡಿ ಹಾದಿ ತೆರೆದ 143 ವರ್ಷಗಳ ಅನಂತರ. ಎಲ್ಲ ಹಾದಿಗಳೂ ರಾಜಧಾನಿಗೆ ಹೋಗುತ್ತಿದ್ದುವು, ಊರಿಂದೂರಿಗೆ ಹಾದಿಯಿರಲಿಲ್ಲ.

ಫಲವೇನಾಯಿತೆಂಬುದನ್ನು 1951ರ ಜನಗಣತಿ ಹೇಳುತ್ತದೆ. ಆಗ ಹೈದರಾಬಾದ್ ರಾಜ್ಯದಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 9 ಮಂದಿ. ಮೈಸೂರಿನಲ್ಲಿ ಅದರ ಇಮ್ಮಡಿ. ಸ್ವಂತ ನಾಣ್ಯ, ಸ್ವಂತ ರೈಲು, ಸ್ವಂತ ಬ್ಯಾಂಕು ಇದ್ದ ನಾಡಿನಲ್ಲಿ ತೊಂಬತ್ತೊಂದು ಮಂದಿಗೆ ತಮ್ಮ ಹೆಸರು ಬರೆಯಲು ಬಾರದು.

ಒಂದು ಹೋಲಿಕೆ

ಉಷ್ಣವಲಯದ ಮತ್ತೊಂದು ನಾಡಿನೊಡನೆ ಹೋಲಿಸಿದರೆ ವಿಷಯ ಸ್ಪಷ್ಟವಾದೀತು. ಮಧ್ಯ ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತನಾಡುವ ಕೋಸ್ಟರಿಕಾ ಎಂಬ ಚಿಕ್ಕ ದೇಶವಿದೆ. ವಿಸ್ತೀರ್ಣ ಸುಮಾರು 51,000 ಚದರ ಕಿಲೋಮೀಟರ್, ಎಂದರೆ ಹೈದರಾಬಾದ್ ಸಂಸ್ಥಾನದ ಕಾಲುಭಾಗ. ನಮ್ಮ ಕೊಡಗು ಚಿಕ್ಕಮಗಳೂರುಗಳಂತೆ ಕಾಫಿ ಅದರ ಹಳೆಯ ಬೆಳೆ, ಅದರೊಡನೆ ಬಾಳೆ. ಹೈದರಾಬಾದ್ ತನ್ನ ಬ್ಯಾಂಕಿನ ಕಾನೂನು ಮಾಡಿದ 1941ರಲ್ಲಿಯೇ ಆ ದೇಶ ಕಾಯಿಲೆ ಮತ್ತು ವೃದ್ಧಾಪ್ಯದ ಕಾಲಕ್ಕೆ ನೆರವಾಗುವ ಸಾಮಾಜಿಕ ವಿಮಾ ಸಂಸ್ಥೆಯನ್ನು ಸ್ಥಾಪಿಸಿತು. 1948ರಲ್ಲಿ, ಇಲ್ಲಿ ಸೇನಾ ಕಾರ್ಯಾಚರಣೆ ನಡೆದ ವರ್ಷದಲ್ಲಿಯೇ, ಅಲ್ಲಿ ಸೈನ್ಯವನ್ನೇ ರದ್ದುಮಾಡಿ, 1949ರ ಸಂವಿಧಾನದಲ್ಲಿ ಅದನ್ನು ಸ್ಥಿರಪಡಿಸಲಾಯಿತು. ಶಾಲೆಗೆ ಮತ್ತು ಆರೋಗ್ಯಕ್ಕೆ ಹಣ ಸುರಿದ ಆ ನಾಡಿನಲ್ಲಿ ಇಂದು ಸರಾಸರಿ ಆಯುಸ್ಸು ಸುಮಾರು 80 ವರ್ಷ. ಆ ಹಣ ಸುರಿದ ಕಾಲದಲ್ಲಿ ಅದು ಸಿರಿವಂತ ರಾಷ್ಟ್ರವಾಗಿರಲಿಲ್ಲ. ಖಜಾನೆಯ ಗಾತ್ರಕ್ಕಿಂತ ವೆಚ್ಚದ ದಿಕ್ಕು ಮುಖ್ಯವೆಂಬುದಕ್ಕೆ ಅದೊಂದು ನಿದರ್ಶನ.

ವಿಭಜನೆ ಮತ್ತು ಅನಂತರ

1948ರ ಸೆಪ್ಟೆಂಬರ್ 13ರಂದು ಆರಂಭವಾದ ಕಾರ್ಯಾಚರಣೆ 17ರಂದು ಮುಗಿದು ಹೈದರಾಬಾದ್ ಭಾರತಕ್ಕೆ ಸೇರಿತು. 1952ರ ಚುನಾವಣೆಯ ತರುವಾಯ ಬೂರ್ಗುಲ ರಾಮಕೃಷ್ಣ ರಾವ್ ಮುಖ್ಯಮಂತ್ರಿಗಳಾದರು. ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಗುಲ್ಬರ್ಗ, ರಾಯಚೂರುಗಳನ್ನು ಕರ್ನಾಟಕಕ್ಕೆ ಕೊಟ್ಟು, ಬೀದರನ್ನು ಮಾತ್ರ ತೆಲಂಗಾಣದೊಡನೆ ಹೈದರಾಬಾದ್ ರಾಜ್ಯದಲ್ಲಿಯೇ ಉಳಿಸಬೇಕೆಂದು ಸೂಚಿಸಿತ್ತು. ಅಂತಿಮವಾಗಿ 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಬೀದರ್, ಭಾಲ್ಕಿ, ಹುಮನಾಬಾದುಗಳು ಮೈಸೂರಿಗೆ; ಉದಗೀರ, ನಿಲಂಗಾ, ಅಹಮದಪುರ ಮುಂಬಯಿಗೆ; ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಗುಲ್ಬರ್ಗದಿಂದ ತಾಂಡೂರು, ಕೊಡಂಗಲ್. ರಾಯಚೂರಿನಿಂದ ಗದ್ವಾಲ, ಆಲಂಪುರ ಆಂಧ್ರಕ್ಕೆ ಸೇರಿದುವು. ಆ ಗಡಿಯ ಹಳ್ಳಿಗಳಲ್ಲಿ ಕನ್ನಡ ಮನೆಮಾತಿನ ಕುಟುಂಬಗಳು ಇಂದಿಗೂ ಇವೆ.

ಈ ಗೆರೆ ನಗರದ ಕನ್ನಡಿಗರ ಸ್ಥಾನವನ್ನೂ ಬದಲಾಯಿಸಿತು. ಸಂಸ್ಥಾನದ ಮುಲ್ಕಿ ನಿಯಮದ ಪ್ರಕಾರ ಸ್ಥಳೀಯನೆನಿಸಿದವನಿಗೆ ಮಾತ್ರ ಸರ್ಕಾರಿ ನೌಕರಿ. ಹೊರಗಿನವನಾದರೆ 15 ವರ್ಷಗಳ ವಾಸ ತೋರಿಸಬೇಕಾಗಿತ್ತು. ಆಳಂದದಿಂದಲೋ ಮಾನ್ವಿಯಿಂದಲೋ ಬಂದ ಹುಡುಗ ಹುಟ್ಟಿನಿಂದಲೇ ಮುಲ್ಕಿ. ಹೈದರಾಬಾದ್ ಅವನ ಸ್ವಂತ ರಾಜ್ಯದ ರಾಜಧಾನಿ. 1956ರ ನವೆಂಬರ್ 1ರ ಬೆಳಿಗ್ಗೆ ಅದೇ ಊರುಗಳಿಂದ ಬರುವವನು ನೆರೆರಾಜ್ಯದವನಾದನು. ಅವನ ರಾಜಧಾನಿ ಈಗ ನೂರಾರು ಮೈಲಿ ದೂರದ ಬೆಂಗಳೂರು. ಅವನಿಗೆ ಗೊತ್ತಿದ್ದ ಹಾದಿ ಮಾತ್ರ ಹೈದರಾಬಾದಿನದು.

ಹೊಸ ರಾಜ್ಯದಲ್ಲಿ ಕೊರತೆ ತುಂಬುವ ಕೆಲಸ ನಿಧಾನವಾಗಿ ಸಾಗಿತು. 1958ರಲ್ಲಿ ಗುಲ್ಬರ್ಗದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, 1963ರಲ್ಲಿ ಅದರ ವೈದ್ಯಕೀಯ ಕಾಲೇಜು, 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬಂದುವು. ಆದರೂ 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿದಾಗ, ಅವುಗಳಲ್ಲಿ 21 ಗುಲ್ಬರ್ಗ ವಿಭಾಗದವೇ ಆಗಿದ್ದುವು. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಸೇರಿದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದು, ಈ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನೂ ಶಿಕ್ಷಣ ಉದ್ಯೋಗಗಳಲ್ಲಿ ಮೀಸಲನ್ನೂ ಸಾಧ್ಯಗೊಳಿಸಿತು. 2019ರಲ್ಲಿ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಮರಾಠವಾಡಕ್ಕೆ 371ನೆಯ ವಿಧಿಯ ಎರಡನೆಯ ಖಂಡ, ತೆಲಂಗಾಣವೂ ಒಳಗೊಂಡಂತೆ ಅಂದಿನ ಆಂಧ್ರಪ್ರದೇಶಕ್ಕೆ 371ಡಿ, ಕನ್ನಡ ಜಿಲ್ಲೆಗಳಿಗೆ 371ಜೆ: ಒಂದೇ ಸಂಸ್ಥಾನದ ಮೂರು ಭಾಗಗಳಿಗೂ ಸಂವಿಧಾನದಲ್ಲಿ ವಿಶೇಷ ರಕ್ಷಣೆ ಬೇಕಾದುದು ಆಕಸ್ಮಿಕವಲ್ಲ. ಹಳೆಯ ಖಾತೆಯ ಬಾಕಿ ಮೂವರ ಹೆಸರಿನಲ್ಲಿಯೂ ಮುಂದುವರಿಯಿತು.

ಉಪಸಂಹಾರ

ಈ ಅಧ್ಯಯನದಿಂದ ಹೈದರಾಬಾದಿನ ಕನ್ನಡಿಗರಿಗೆ ಎರಡು ಸಂಗತಿಗಳು ವಿದಿತವಾಗುತ್ತವೆ. ಮೊದಲನೆಯದು, ಅವರು ಈ ನಗರಕ್ಕೆ ಬರಿಗೈಯಲ್ಲಿ ಬಂದ ಅತಿಥಿಗಳಲ್ಲ. ಇಲ್ಲಿನ ವಿಶ್ವವಿದ್ಯಾಲಯ, ಆಸ್ಪತ್ರೆ, ಜಲಾಶಯಗಳ ವೆಚ್ಚದಲ್ಲಿ ಎರೆಭೂಮಿಯ ಜೋಳ ಹತ್ತಿಗಳ ಕಂದಾಯವೂ ಸೇರಿದೆ. ಹಿರಿಯರು ಈ ನಗರಕ್ಕೆ ಬಂದುದು ತಾವೇ ತುಂಬಿದ ಖಜಾನೆಯ ಹಿಂದೆ ಹಿಂದೆ.

ಎರಡನೆಯದು ಹೊಣೆಗೆ ಸಂಬಂಧಿಸಿದುದು. ನಗರದಲ್ಲಿ ವಿದ್ಯೆ, ವೈದ್ಯ, ವೇತನ ದೊರೆತ ಕುಟುಂಬಗಳ ಹುಟ್ಟೂರುಗಳಲ್ಲಿ ಅವು ಇನ್ನೂ ಪೂರ್ಣವಾಗಿ ತಲುಪಿಲ್ಲ. 371ಜೆ ವಿಧಿ ಜನನದಿಂದಾಗಲಿ ವಾಸದಿಂದಾಗಲಿ ಆ ಪ್ರದೇಶಕ್ಕೆ ಸೇರಿದವರನ್ನು ಕುರಿತು ಹೇಳುತ್ತದೆ. ಆದುದರಿಂದ ಮನೆಯ ಹಿರಿಯರ ಜನನ, ಶಾಲೆ, ಜಮೀನುಗಳ ಕಾಗದಪತ್ರಗಳನ್ನು ಜೋಪಾನವಾಗಿಡುವುದು ಲಾಭದಾಯಕ. ಆದರೆ ಸಂಬಂಧ ಪ್ರಮಾಣಪತ್ರಕ್ಕೆ ಮಾತ್ರ ಸೀಮಿತವಾಗಬಾರದು. ಊರಿನ ಶಾಲೆಗೆ ಪುಸ್ತಕದ ಕಪಾಟು, ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೊಂದು ತಪಾಸಣಾ ಶಿಬಿರ, ಓದಲು ಬರುವ ಬಡ ವಿದ್ಯಾರ್ಥಿಗೆ ಈ ನಗರದಲ್ಲಿ ತಂಗಲೊಂದು ಸ್ಥಳ: ಸಂಘಸಂಸ್ಥೆಗಳ ಶಕ್ತಿಗೆ ಇವು ಮೀರಿದುವಲ್ಲ. ನೂರು ವರ್ಷಗಳ ಕಾಲ ಹಣ ಹರಿದುಬಂದ ಹಾದಿಯಲ್ಲಿ ಒಂದಿಷ್ಟಾದರೂ ಹಿಂದಿರುಗಿ ಹರಿದರೆ, ಐದು ಭಾಷೆಗಳಲ್ಲಿ ಬೆಲೆ ಬರೆದಿದ್ದ ಆ ಹಳೆಯ ನೋಟಿನ ಋಣ ಸ್ವಲ್ಪಮಟ್ಟಿಗೆ ತೀರಿದಂತಾಗುತ್ತದೆ.